ನಮ್ಮ ರೇಡಿಯೊಗೆ ಪತ್ರ ಓದುವ ಕೈ ಕೊಡಿಸಿ: ಮೂವರು ಸಂಸದರಿಗೆ ಒಂದು ಬಹಿರಂಗ ಪತ್ರ

ಕಲಬುರಗಿ, ಬೀದರ್ ಮತ್ತು ರಾಯಚೂರು ಲೋಕಸಭಾ ಸದಸ್ಯರಿಗೆ,

ನಮಸ್ಕಾರ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೆಯಲು ಕಾರಣ ಇದೆ. ನಮ್ಮ ಚಿಂಚೋಳಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ, ಆದರೆ ನಾವು ಓಟು ಹಾಕುವುದು ಬೀದರ್ ಕ್ಷೇತ್ರಕ್ಕೆ. ಆಳಂದದವರೂ ಹಾಗೇ. ಯಾದಗಿರಿ, ಶಹಾಪುರ, ಸುರಪುರದವರು ರಾಯಚೂರಿಗೆ ಹಾಕುತ್ತಾರೆ. ಪಕ್ಕದ ಗುರುಮಠಕಲ್ ಮಾತ್ರ ಕಲಬುರಗಿಗೆ ಸೇರಿದೆ. ಹೀಗೆ ನಮ್ಮ ಓಟು ಮೂರು ಕಡೆ ಹಂಚಿಹೋಗಿದೆ. ಆದರೆ ನಾವೆಲ್ಲ ಬೆಳೆದ ರೇಡಿಯೊ ಒಂದೇ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ. ನಮ್ಮ ಮನೆಯ ಹಳೇ ಫಿಲಿಪ್ಸ್ ರೇಡಿಯೊದ ಮುಳ್ಳು ವರ್ಷಗಟ್ಟಲೆ ಆ ನಿಲಯ ಸಿಗುವ ಮೀಡಿಯಂ ವೇವ್‌ನ 1107 ಕಿಲೋಹರ್ಟ್ಸ್ ಹತ್ತಿರವೇ ನಿಂತಿರುತ್ತಿತ್ತು. ಅದನ್ನು ಅಲುಗಾಡಿಸಿದ ಮಕ್ಕಳಿಗೆ ಪೆಟ್ಟು ಬೀಳುತ್ತಿತ್ತು.

ಆ ರೇಡಿಯೊ ಮತ್ತು ಅದನ್ನು ಕೇಳುವವರ ನಡುವಿನ ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳಿ ಎಂದು ಕೇಳಲು ಈ ಪತ್ರ. ಆಕಾಶವಾಣಿ ನಡೆಸುವ ಪ್ರಸಾರ ಭಾರತಿ ಕೇಂದ್ರ ಸರ್ಕಾರದ ಕೈಯಲ್ಲಿದೆ. ಇಲ್ಲಿನ ನಿಲಯದವರ ಹತ್ತಿರ ಹೇಳಿಕೊಂಡರೆ ಅವರು ಪಾಪ ಏನು ಮಾಡಬೇಕು? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಪೋಸ್ಟ್ ಕಾರ್ಡಿನ ವಿಷಯ ಹೇಳುತ್ತೇನೆ. 1990ರ ದಶಕದ ಆರಂಭ. ಕಾರ್ಡಿಗೆ ಆಗ 15 ಪೈಸೆ. ನಮ್ಮ ಹೊಲದಲ್ಲಿ ಆ ವರ್ಷ ತೊಗರಿ ಹೂವಿಗೆ ಬರುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡತೊಡಗಿತು. ನೆಲದಲ್ಲಿ ಹಸಿ ಇದೆ, ಹುಳ ಇಲ್ಲ, ಆದರೂ ಗಿಡ ನಿಂತಲ್ಲೇ ಒಣಗುತ್ತಿದೆ. ಅಪ್ಪ ಎರಡನೇ ಇಯತ್ತೆ ಓದಿದವರು. ರಾತ್ರಿ ಕಂದೀಲು ಹತ್ತಿರ ಎಳೆದುಕೊಂಡು ಕಾರ್ಡು ಬರೆದರು. ಅಕ್ಷರ ದಪ್ಪ ದಪ್ಪ, ಎಂಟು ಸಾಲಿಗೆ ಕಾರ್ಡು ಮುಗಿಯಿತು. ಉಳಿದ ಮಾತನ್ನು ವಿಳಾಸದ ಪಕ್ಕದ ಜಾಗದಲ್ಲಿ ಅಡ್ಡಡ್ಡ ಬರೆದು ತುರುಕಿದರು.

ಎಷ್ಟೋ ವಾರ ಏನೂ ಇಲ್ಲ. ಅಪ್ಪ ದಿನಾ ಸಂಜೆ ರೈತರ ಕಾರ್ಯಕ್ರಮದ ಹೊತ್ತಿಗೆ ಹೊಲದಿಂದ ಬಂದುಬಿಡುತ್ತಿದ್ದರು. ಸೆಲ್ಲು ಇಳಿದಿತ್ತು, ಅವ್ವ ಅದನ್ನು ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿದ್ದಳು. ಒಂದು ಸಂಜೆ ನಮ್ಮೂರಿನ ಹೆಸರು ಬಂತು. ಆಮೇಲೆ ಅಪ್ಪನ ಹೆಸರು. ಆಮೇಲೆ ಅಪ್ಪ ಬರೆದ ಎಂಟೂ ಸಾಲು, ಅಡ್ಡಡ್ಡ ತುರುಕಿದ್ದೂ ಸೇರಿ. ಉತ್ತರ ಕೊಟ್ಟ ಕೃಷಿ ತಜ್ಞರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಬಾಡಿದ ಗಿಡ ಕಿತ್ತು ಕಾಂಡವನ್ನು ಉದ್ದಕ್ಕೆ ಸೀಳಿ ನೋಡಿ, ಒಳಗೆ ಕಂದು ಗೆರೆ ಕಂಡರೆ ಅದು ನೆಟೆ ರೋಗ. ರೋಗ ಮಣ್ಣಿನಲ್ಲೇ ಇರುತ್ತದೆ, ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿ ಹಾಕಬೇಡಿ, ಜೋಳ ಹಾಕಿ ಬದಲಿಸಿ, ಮುಂದಿನ ಸಲ ನೆಟೆ ತಡೆಯುವ ಮಾರುತಿ ತಳಿ ಬಿತ್ತಿ ನೋಡಿ.

ಅಪ್ಪ ಕುಡಗೋಲು ತೆಗೆದುಕೊಂಡು ಕತ್ತಲಲ್ಲೇ ಹೊಲಕ್ಕೆ ಹೋದರು. ನಾನು ಕಂದೀಲು ಹಿಡಿದು ಹಿಂದೆ ಹೋದೆ. ಬಾಡಿದ ಒಂದು ಗಿಡ ಕಿತ್ತು ಬುಡದಿಂದ ಸೀಳಿದರು. ಒಳಗೆ ಕಂದು ಗೆರೆ, ಪೆನ್ಸಿಲ್‌ನಿಂದ ಎಳೆದ ಹಾಗೆ ಇತ್ತು. ಮಾರನೇ ದಿನ ಬೆಳಿಗ್ಗೆ ಊರಿನ ಅರ್ಧ ರೈತರು ನಮ್ಮ ಅಂಗಳದಲ್ಲಿ ನಿಂತಿದ್ದರು, ಕೈಯಲ್ಲಿ ತಮ್ಮ ತಮ್ಮ ಹೊಲದ ಗಿಡ ಹಿಡಿದುಕೊಂಡು.

ಆ ವರ್ಷದ ಬೆಳೆ ಉಳಿಯಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮುಂದಿನ ವರ್ಷ ಆ ಹೊಲಕ್ಕೆ ಜೋಳ ಬಿತ್ತು.

ಒಂದು ವಿಷಯ ಯೋಚಿಸಿ. ಆ ಕಾರ್ಡು ಹೋಗಿದ್ದರಿಂದಲೇ ಚಿಂಚೋಳಿ ಕಡೆ ನೆಟೆ ಬಂದಿದೆ ಎಂದು ಕಲಬುರಗಿಯಲ್ಲಿ ಗೊತ್ತಾಯಿತು. ತಜ್ಞರಿಗೆ ಇಲ್ಲಿನ ಸುದ್ದಿ ಸಿಕ್ಕಿತು, ನಮಗೆ ಅವರ ಬುದ್ಧಿಮಾತು ಸಿಕ್ಕಿತು. ನಡುವೆ ಯಾರೋ ಒಬ್ಬರು ಕಾರ್ಡುಗಳ ಗಂಟು ಬಿಚ್ಚಿ, ದಪ್ಪ ಅಕ್ಷರ ಕಷ್ಟಪಟ್ಟು ಓದಿ, ಇದು ಉತ್ತರ ಕೊಡಬೇಕಾದ ಪ್ರಶ್ನೆ ಎಂದು ಬೇರೆ ಎತ್ತಿಟ್ಟಿದ್ದರು. ಅವರ ಹೆಸರು ನಮಗೆ ಗೊತ್ತೇ ಇಲ್ಲ. ನಾನು ಇವತ್ತು ನಿಮ್ಮ ಹತ್ತಿರ ಕೇಳುತ್ತಿರುವುದು ಆ ಕೆಲಸಕ್ಕೆ ಒಂದು ಕುರ್ಚಿ, ಒಂದು ಖಾಯಂ ಹುದ್ದೆ.

ಆಮೇಲೆ ಫೋನ್ ಇನ್ ಬಂತು. ಅವ್ವನಿಗೆ ಮಂಡಿನೋವು. ಆಸ್ಪತ್ರೆಗೆ ಹೋಗಲು ದಿನ ಪೂರ್ತಿ ಬೇಕು, ಕೂಲಿ ಹೋಗುತ್ತದೆ. ಒಂದು ದಿನ ರೇಡಿಯೊದಲ್ಲಿ ಡಾಕ್ಟರು ಬಂದಿದ್ದಾಗ ಧೈರ್ಯ ಮಾಡಿ ಫೋನ್ ಹಚ್ಚಿದಳು. ಸಿಕ್ಕೇಬಿಟ್ಟಿತು. ಆ ಕಡೆಯವರು ಹೇಳಿದ ಮೊದಲ ಮಾತು: "ಅವ್ವಾರೆ, ನಿಮ್ಮ ರೇಡಿಯೊ ಸೌಂಡ್ ಸಣ್ಣ ಮಾಡ್ರಿ." ಮಾಡದಿದ್ದರೆ ಕುಂಯ್ ಎಂದು ಕೂಗುತ್ತದೆ. ಹೀಗಾಗಿ ಅವ್ವ ರೇಡಿಯೊ ಪೂರ್ತಿ ಬಂದ್ ಮಾಡಿ ಮಾತಾಡಿದಳು. ತನ್ನ ಧ್ವನಿ ಅವಳಿಗೇ ಕೇಳಲಿಲ್ಲ. ಕೇಳಿದ್ದು ಪಕ್ಕದ ಮನೆಯವರಿಗೆ. ಫೋನ್ ಇಟ್ಟ ಐದು ನಿಮಿಷಕ್ಕೆ ಗೋಡೆ ಆ ಕಡೆಯಿಂದ ಕೂಗು ಬಂತು, "ಅಯ್ಯ, ನೀನೇ ಏನು? ಎಷ್ಟು ಚಂದ ಮಾತಾಡಿದಿ!" ಆ ವಾರ ಪೂರ್ತಿ ಓಣಿಯ ಹೆಂಗಸರು ಬಂದು, ಡಾಕ್ಟರು ಮಂಡಿಗೆ ಏನು ಹೇಳಿದರು, ನನಗೂ ಹೇಳು ಎಂದು ಕೇಳಿಕೊಂಡು ಹೋದರು. ಬಾಯಿ ಬಿಟ್ಟು ನೋವು ಹೇಳಿಕೊಳ್ಳದ ಹೆಂಗಸರು ಅವರು.

ಇಷ್ಟು ದೊಡ್ಡ ಕೆಲಸ ಒಂದು ಫೋನಿನಿಂದ ಆಗುತ್ತದೆ. ಆದರೆ ಆ ಫೋನ್ ಎತ್ತಲು ಜನ ಬೇಕು, ಅಲ್ವಾ?

ಸರ್ಕಾರ ರೇಡಿಯೊಗೆ ದುಡ್ಡು ಕೊಡುತ್ತಿಲ್ಲ ಎಂದು ನಾನು ಹೇಳುವುದಿಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ವ್ಯವಸ್ಥೆ ಬೆಳೆಸುವ ಬಿಂಡ್ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಕಾಶವಾಣಿ, ದೂರದರ್ಶನ ಎರಡಕ್ಕೂ ಸೇರಿ 2,539.61 ಕೋಟಿ ರೂಪಾಯಿ. ಎಫ್‌ಎಂ ದೇಶದ 80% ಜನಕ್ಕೆ ಮುಟ್ಟಬೇಕು ಎಂಬುದು ಗುರಿ. ಅದೇ ವರ್ಷ ಏಪ್ರಿಲ್ 28ರಂದು ಪ್ರಧಾನಿಯವರು ಒಂದೇ ದಿನ 91 ಎಫ್‌ಎಂ ಪ್ರಸಾರಕಗಳನ್ನು ಉದ್ಘಾಟಿಸಿದರು. ಒಂದೊಂದೂ 100 ವಾಟ್. ಒಳ್ಳೆಯ ಕೆಲಸವೇ. ಆದರೆ 100 ವಾಟಿನ ಎಫ್‌ಎಂ ಒಂದು ಪಟ್ಟಣ, ಅದರ ಸುತ್ತಲಿನ ಒಂದಿಷ್ಟು ಹಳ್ಳಿಗೆ ಸಾಕಾಗುತ್ತದೆ. ಎಫ್‌ಎಂ ಅಲೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಅಲ್ಲೇ ಮುಗಿಯಿತು. ಮೀಡಿಯಂ ವೇವ್ ಹಾಗಲ್ಲ, ನೆಲ ಹಿಡಿದುಕೊಂಡು ದೂರ ದೂರ ಹೋಗುತ್ತದೆ. ದೇಶದ ಎಷ್ಟೋ ಕಡೆ ಮೀಡಿಯಂ ವೇವ್ ನಿಲ್ಲಿಸಿದ್ದಾರೆ. ಕಲಬುರಗಿಯ 1107ರ ಬಗ್ಗೆ ಯಾವ ತೀರ್ಮಾನ ಆಗುವುದಿದ್ದರೂ ಮೊದಲು ನಮ್ಮ ತಾಲ್ಲೂಕಿನ ಕುಂಚಾವರಂ ಕಾಡಿನ ತಾಂಡಾಗಳಿಗೆ ಹೋಗಿ ಕೇಳಲಿ. ಅಲ್ಲಿ ಮೊಬೈಲ್ ಸಿಗ್ನಲ್ಲಿಗೆ ದಿಬ್ಬ ಹತ್ತುವವರನ್ನು ನಾನು ನೋಡಿದ್ದೇನೆ.

ಮೀಡಿಯಂ ವೇವ್‌ಗೆ ಈಗ ಇನ್ನೊಂದು ಕಾಟ ಇದೆ. ಮನೆಯಲ್ಲಿ ಅಗ್ಗದ ಎಲ್‌ಇಡಿ ಬಲ್ಬ್ ಹಾಕಿದರೆ ಸಾಕು, ರೇಡಿಯೊ ಗುಂಯ್ ಎನ್ನುತ್ತದೆ. ಅವ್ವ ಅದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಾಳೆ. ಕಾರ್ಯಕ್ರಮ ಮುಗಿಯುವ ತನಕ ಲೈಟ್ ಆರಿಸಿ ಕತ್ತಲಲ್ಲಿ ಕೂರುತ್ತಾಳೆ.

ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕೇಳಿ ಎನ್ನುತ್ತಾರೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದ ನಮ್ಮ ಹುಡುಗರಿಗೆ ಅದು ವರ. ಊರಿನ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ಆದರೆ ಅವ್ವನ ವಯಸ್ಸಿನವರ ಕೈಯಲ್ಲಿ ಅದು ನಡೆಯುವುದಿಲ್ಲ. ಕಳೆದ ಸಲ ಅವಳಿಗೆ ಹೊಸ ಫೋನ್ ಕೊಡಿಸಲು ಹೋದಾಗ ಇದರಲ್ಲಿ ರೇಡಿಯೊ ಇದೆಯಾ ಎಂದು ಕೇಳಿದೆ. "ಮೇಡಂ, ಈಗ ಯಾರು ಕೇಳ್ತಾರ್ರೀ ರೇಡಿಯೊ" ಎಂದ ಅಂಗಡಿಯ ಹುಡುಗ. 2023ರಲ್ಲಿ ಕೇಂದ್ರದ ಐಟಿ ಸಚಿವಾಲಯವೇ ಫೋನ್ ಕಂಪನಿಗಳಿಗೆ, ಎಫ್‌ಎಂ ಸೌಲಭ್ಯ ಇರುವ ಫೋನುಗಳಲ್ಲಿ ಅದನ್ನು ಬಂದ್ ಮಾಡಬೇಡಿ, ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ ಎಂದು ಸಲಹೆ ಕೊಟ್ಟಿತ್ತು. ಸಲಹೆ ಸಲಹೆಯಾಗೇ ಉಳಿದರೆ ಹೇಗೆ? ಇದನ್ನು ಸಂಸತ್ತಿನಲ್ಲಿ ಕೇಳುವವರು ನೀವೇ.

ವಿಪತ್ತು ಎಂದಾಗ ನಮಗೆ ಬೇರೆ ಯಾರೂ ವಿವರಿಸಿ ಹೇಳಬೇಕಿಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಲಾತೂರ್ ಕಡೆಯ ಕಿಲ್ಲಾರಿ ಭೂಕಂಪಕ್ಕೆ ಬಿದ್ದುಹೋದಾಗ ನಮ್ಮ ಪಾತ್ರೆಗಳೂ ನೆಲಕ್ಕೆ ಉರುಳಿದ್ದವು. ಆ ದಿನ ಊರಿನವರೆಲ್ಲ ಇದ್ದ ಒಂದೆರಡು ರೇಡಿಯೊ ಸುತ್ತ ಕೂತಿದ್ದರು. ಮತ್ತೆ 2021ರ ಅಕ್ಟೋಬರ್‌ನಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವರ ಭಾಗದಲ್ಲಿ ನೆಲ ಗುಡುಗಿತು, ಮೇಲಿಂದ ಮೇಲೆ ನಡುಗಿತು. ಜನ ಅಂಗಳದಲ್ಲಿ ಮಲಗಿದರು. ಆಗ ಎಲ್ಲರ ಕೈಯಲ್ಲೂ ಫೋನ್ ಇತ್ತು, ಫೋನಿನ ತುಂಬ ವದಂತಿ ಇತ್ತು. ಇವತ್ತು ರಾತ್ರಿ ಹನ್ನೆರಡಕ್ಕೆ ದೊಡ್ಡದು ಬರುತ್ತದೆ ಎಂದು ಯಾರೋ ಕಳಿಸಿದ್ದನ್ನು ನಂಬಿ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಹೊಲಕ್ಕೆ ಹೋದವರಿದ್ದಾರೆ. ಭೂಕಂಪ ಯಾವ ಗಂಟೆಗೆ ಬರುತ್ತದೆ ಎಂದು ಹೇಳಲು ಜಗತ್ತಿನಲ್ಲಿ ಯಾರಿಂದಲೂ ಆಗುವುದಿಲ್ಲ. ಈ ಒಂದು ಮಾತನ್ನು ಪರಿಚಯದ ಧ್ವನಿ ನಮ್ಮದೇ ಭಾಷೆಯಲ್ಲಿ ಹೇಳಬೇಕು. "ನಾನು ಗಡಿಕೇಶ್ವರದಿಂದ ಮಾತಾಡ್ತೀನ್ರಿ, ಈಗ ಮತ್ತೆ ಸದ್ದು ಬಂತು" ಎಂದು ಹೇಳಿದವರಿಗೆ ಅಲ್ಲೇ ಉತ್ತರ ಸಿಗಬೇಕು. ಅಂಥ ಹೊತ್ತಿನಲ್ಲಿ ಜನ ನಂಬುವುದು, ದಿನಾ ತಮ್ಮ ಮಾತು ಕೇಳಿಸಿಕೊಂಡ ಧ್ವನಿಯನ್ನು. ಆ ನಂಬಿಕೆ ಒಂದೇ ದಿನಕ್ಕೆ ಹುಟ್ಟುವುದಿಲ್ಲ. ವರ್ಷಗಟ್ಟಲೆ ಕಾರ್ಡು ಓದಿ, ಫೋನ್ ಎತ್ತಿ ಗಳಿಸಿದ್ದು ಅದು.

ಈಗ ನಾನು ಕೇಳುವುದು.

ದೇಶದ ಆಕಾಶವಾಣಿ ನಿಲಯಗಳಲ್ಲಿ ಖಾಯಂ ಹುದ್ದೆಗಳು ವರ್ಷಗಳಿಂದ ಖಾಲಿ ಬಿದ್ದಿವೆ ಎಂಬುದು ಸಂಸತ್ತಿಗೂ ಗೊತ್ತಿರುವ ಮಾತು. ನಿವೃತ್ತರಾದವರ ಜಾಗಕ್ಕೆ ಹೊಸಬರು ಬರುತ್ತಿಲ್ಲ. ದಿನಗೂಲಿಯಂತೆ ಬಂದು ಹೋಗುವ ತಾತ್ಕಾಲಿಕ ಉದ್ಘೋಷಕರ ಮೇಲೆ ನಿಲಯಗಳು ನಡೆಯುತ್ತಿವೆ. ಅವರು ಪ್ರೀತಿಯಿಂದಲೇ ಕೆಲಸ ಮಾಡುತ್ತಾರೆ. ಆದರೆ ತಿಂಗಳಿಗೆ ಕೆಲವೇ ದಿನ ಬರುವವರು ನಮ್ಮೂರಿನ ಒಂದು ಪ್ರಶ್ನೆಯನ್ನು ನೆನಪಿಟ್ಟುಕೊಂಡು ಬೆನ್ನು ಹತ್ತಲು ಸಾಧ್ಯವಾ? ಕಲಬುರಗಿ ನಿಲಯಕ್ಕೆ ಕೇಳುಗರಿಗಾಗಿಯೇ ಇಬ್ಬರು ಖಾಯಂ ಜನ ಬೇಕು. ಒಬ್ಬರಾದರೂ ಬೀದರ್ ಅಥವಾ ಯಾದಗಿರಿ ಕಡೆಯವರಾಗಿರಲಿ. ಬೀದರಿನ ಮಾತಿನಲ್ಲಿ ಉರ್ದು, ಮರಾಠಿ ಬೆರೆತಿದೆ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಕಾರ್ಡಿನಲ್ಲಿ ಬರೆದದ್ದು ಅರ್ಥವಾಗಬೇಕಾದರೆ ಆ ಮಾತು ಕಿವಿಗೆ ಬಿದ್ದಿರಬೇಕು.

ಒಂದು ದಪ್ಪ ರಿಜಿಸ್ಟರ್ ಇಡಲಿ. ಬಂದ ಪತ್ರ, ಫೋನ್, ವಾಟ್ಸಾಪ್‌ನ ಧ್ವನಿ ಸಂದೇಶ ಎಲ್ಲದಕ್ಕೂ ತಾರೀಖು, ಊರು, ಉತ್ತರ ಕೊಟ್ಟ ದಿನ. ಇವತ್ತಿನ ಪೋಸ್ಟ್ ಕಾರ್ಡು ಧ್ವನಿ ಸಂದೇಶವೇ. ಓದು ಬರಹ ಬಾರದ ನಮ್ಮ ಅತ್ತಿಗೆ ಕೂಡ ಅದನ್ನು ಒತ್ತಿ ಹಿಡಿದು ಅರ್ಧ ಗಂಟೆ ಮಾತಾಡುತ್ತಾಳೆ. ಆದರೆ ಅದನ್ನು ಕೇಳಿ, ಆಯ್ದು, ಉತ್ತರ ಹುಡುಕುವ ಮನುಷ್ಯ ಇಲ್ಲದಿದ್ದರೆ ಸುಮ್ನೆ ನಂಬರ್ ಕೊಟ್ಟು ಏನು ಉಪಯೋಗ?

ಮತ್ತೆ ನಿಲಯದವರಿಗೆ ಓಡಾಡಲು ಗಾಡಿ, ಡೀಸೆಲ್ ಖರ್ಚು ಸಿಗಲಿ. ನಾನು ಚಿಕ್ಕವಳಿದ್ದಾಗ ಹೆಗಲಿಗೆ ರೆಕಾರ್ಡರ್ ಹಾಕಿಕೊಂಡು ಒಬ್ಬರು ನಮ್ಮೂರಿಗೆ ಬಂದಿದ್ದರು. ಕಣದಲ್ಲಿ ಹಂತಿ ಪದ, ಮೊಹರಮ್‌ಗೆ ಹಾಡುವ ಅಲಾಯಿ ಪದ ಎಲ್ಲ ಹಾಡಿಸಿಕೊಂಡು ಹೋದರು. ಹಾಡಿದ ಮುದುಕರು ಈಗ ಒಬ್ಬರೂ ಇಲ್ಲ. ಅವರ ಧ್ವನಿ ಇದ್ದರೆ ಆ ಟೇಪಿನಲ್ಲೇ ಇರಬೇಕು. ಈಗ ಹಾಡುವವರು ಹೋಗುವ ಮೊದಲೇ ಯಾರಾದರೂ ಬರಲಿ. ಭಾಲ್ಕಿ, ಔರಾದ್, ಸುರಪುರದ ಸಂತೆಗೆ ತಿಂಗಳಿಗೊಮ್ಮೆಯಾದರೂ ಮೈಕ್ ಹೋಗಲಿ.

ಸ್ಥಳೀಯ ಕಾರ್ಯಕ್ರಮದ ಹೊತ್ತನ್ನು ದಿಲ್ಲಿ, ಬೆಂಗಳೂರಿನ ಪ್ರಸಾರಕ್ಕಾಗಿ ಕಡಿಮೆ ಮಾಡಬೇಡಿ ಎಂದೂ ಹೇಳಿ. ಅಲ್ಲಿಂದ ಬರುವುದು ಬೇಡ ಎಂದಲ್ಲ. ಆದರೆ 2022ರಲ್ಲಿ ನಮ್ಮ ಜಿಲ್ಲೆಯ ತೊಗರಿ ಮತ್ತೆ ನೆಟೆಗೆ ಸಿಕ್ಕಿ ಹೊಲಕ್ಕೆ ಹೊಲವೇ ಒಣಗಿದಾಗ ಇಲ್ಲಿನ ರೈತನಿಗೆ ಬೇಕಾಗಿದ್ದ ಮಾತು ದಿಲ್ಲಿಯಿಂದ ಬರುವಂಥದ್ದಲ್ಲ. 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಬೆಳೆ ಅದು. ಅಪ್ಪ ಇದ್ದಿದ್ದರೆ ಆ ವರ್ಷ ಮತ್ತೆ ಕಾರ್ಡು ಬರೆಯುತ್ತಿದ್ದರು.

ಕೊನೆಯದು ನಿಮಗೇ ಸೇರಿದ್ದು. ವರ್ಷಕ್ಕೆ ಒಂದೆರಡು ಸಲ ಮೂವರೂ ಕಲಬುರಗಿಯ ಸ್ಟುಡಿಯೋಗೆ ಬನ್ನಿ. ಭಾಷಣ ಬೇಡ. ಒಂದು ಗಂಟೆ ಫೋನ್ ಮುಂದೆ ಕೂತು ಜನ ಹೇಳುವುದನ್ನು ಕೇಳಿ, ನಿಮ್ಮಿಂದ ಆಗುವುದಕ್ಕೆ ಹೌದು ಎನ್ನಿ, ಆಗದ್ದಕ್ಕೆ ಆಗಲ್ಲ ಎನ್ನಿ. ಆಗಲ್ಲ ಎಂದು ನೇರ ಹೇಳಿದರೆ ನಮ್ಮ ಕಡೆಯ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಉತ್ತರವೇ ಬರದಿದ್ದರೆ ನೋಯುತ್ತಾರೆ.

ಈ ಪತ್ರಕ್ಕೂ ಉತ್ತರ ಕೊಡುವುದಾದರೆ ರೇಡಿಯೊದಲ್ಲೇ ಕೊಡಿ. ಸಂಜೆ ಹೊತ್ತು, ರೈತರ ಕಾರ್ಯಕ್ರಮದ ಆಸುಪಾಸು. ಅವ್ವ ಲೈಟ್ ಆರಿಸಿ ಕೂತಿರುತ್ತಾಳೆ.

ಇಂತಿ,
ಚಿಂಚೋಳಿ ತಾಲ್ಲೂಕಿನ ಒಬ್ಬ ತೊಗರಿ ರೈತನ ಮಗಳು