ವಿರಾಜಪೇಟೆಯ ಹಾರ್ಮೋನಿಯಂ, ಲೈಪ್‌ಜಿಗ್‌ನ ಬಾಖ್

ಆತ್ಮೀಯರೇ,

ಈ ಸಲ ಹುತ್ತರಿಯೂ ಕ್ರಿಸ್ಮಸ್ಸೂ ಹತ್ತಿರ ಹತ್ತಿರ ಬಂದಿರುವುದರಿಂದ ಎರಡನ್ನೂ ಒಂದೇ ಸಂಜೆ ಆಚರಿಸಲು ನಮ್ಮ ಸಂಘದ ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಕಳೆದ ಭಾನುವಾರದ ತಾಲೀಮಿನಲ್ಲಿ ಮಕ್ಕಳು ಜರ್ಮನಿಯ ಸಂಗೀತ ರಚನಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರ ಸ್ತುತಿಗೀತೆಯೊಂದನ್ನು ಕಲಿಯುತ್ತಿದ್ದಾಗ ಪುಟ್ಟ ಹುಡುಗಿಯೊಬ್ಬಳು, "ಆಂಟಿ, ಇದನ್ನು ಬರೆದವರು ದೇವರನ್ನು ನಿಜವಾಗಿ ನಂಬಿದ್ದರಾ, ಇಲ್ಲಾ ಅದು ಅವರ ಕೆಲಸವಾಗಿತ್ತಾ?" ಎಂದು ಕೇಳಿದಳು. ಸಂಚಿಕೆ ಇಂದು ರಾತ್ರಿಯೇ ಮುದ್ರಣಕ್ಕೆ ಹೋಗಬೇಕು, ಸಂಪಾದಕೀಯಕ್ಕೆ ಬೇರೆ ವಿಷಯವನ್ನೂ ಗೊತ್ತುಮಾಡಿಕೊಂಡಿದ್ದೆ. ಆದರೂ ಆ ಮಗುವಿನ ಪ್ರಶ್ನೆಯನ್ನು ಬಿಟ್ಟು ಬೇರೇನನ್ನೂ ಬರೆಯಲು ಮನಸ್ಸಾಗಲಿಲ್ಲ.

ಕೆಲಸವಂತೂ ಹೌದು. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಬಾಖ್ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಶಾಲೆಯ ಸಂಗೀತದ ಮೇಷ್ಟ್ರಾಗಿದ್ದರು. ಹುಡುಗರಿಗೆ ಕಲಿಸುವುದು, ಊರಿನ ಚರ್ಚುಗಳಿಗೆ ಭಾನುವಾರದ ಸಂಗೀತವನ್ನು ಒದಗಿಸುವುದು ಅವರ ಹೊಣೆ. ಮೊದಲ ವರ್ಷಗಳಲ್ಲಂತೂ ಬಹುತೇಕ ವಾರಕ್ಕೊಂದು ಹೊಸ ಕೃತಿಯನ್ನು ರಚಿಸಿ, ಪ್ರತಿ ಮಾಡಿಸಿ, ತಾಲೀಮು ನಡೆಸಿ ಹಾಡಿಸಿದರು. ಹತ್ತರ ವಯಸ್ಸಿಗೇ ತಂದೆತಾಯಿಯನ್ನು ಕಳೆದುಕೊಂಡಿದ್ದ ಅವರು, 1720ರಲ್ಲಿ ಪ್ರವಾಸದಿಂದ ಮನೆಗೆ ಮರಳಿದಾಗ ಹೆಂಡತಿಯ ಅಂತ್ಯಕ್ರಿಯೆ ಮುಗಿದೇ ಹೋಗಿತ್ತು. ಇಪ್ಪತ್ತು ಮಕ್ಕಳಲ್ಲಿ ಹತ್ತು ಮಂದಿ ದೊಡ್ಡವರಾಗುವ ಮೊದಲೇ ತೀರಿಕೊಂಡರು. ಇಷ್ಟೆಲ್ಲ ನೋವನ್ನುಂಡ ಮನುಷ್ಯ ತನ್ನ ಹಲವು ಹಸ್ತಪ್ರತಿಗಳ ಮೊದಲಲ್ಲಿ 'ಯೇಸುವೇ, ನೆರವಾಗು' ಎಂಬುದರ, ಕೊನೆಯಲ್ಲಿ 'ಮಹಿಮೆ ದೇವರೊಬ್ಬನಿಗೇ' ಎಂಬುದರ ಲ್ಯಾಟಿನ್ ಮೊದಲಕ್ಷರಗಳನ್ನು ಬರೆದಿಟ್ಟರು. ಅವರ ಬದುಕಿನಲ್ಲಿ ನಂಬಿಕೆಯನ್ನೂ ಕೆಲಸವನ್ನೂ ಬೇರೆ ಮಾಡಿ ನೋಡಲು ನನಗಂತೂ ಆಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ, ವಿರಾಜಪೇಟೆಯಲ್ಲಿ ನಮಗೆ ಹಾಡು ಕಲಿಸಿದ ಕ್ವಾಯರ್ ಮೇಷ್ಟ್ರನ್ನು ನೋಡಿ ತಿಳಿದದ್ದು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ ನೆಲೆಗೊಂಡ ಸೇಂಟ್ ಆನ್ಸ್ ಚರ್ಚನ್ನು ನಮ್ಮಲ್ಲಿ ಅನೇಕರು ಬಲ್ಲಿರಿ. ಆ ಬೀದಿಯ ಮಕ್ಕಳಾದ ನಾವು, ಕೊಡವರು, ಗೌಡರು, ಕೊಂಕಣಿ ಮಾತಾಡುವವರು, ಮಲೆಯಾಳಿಗಳು ಎಲ್ಲರೂ, ಡಿಸೆಂಬರ್ ಬಂತೆಂದರೆ ಮೇಷ್ಟ್ರ ಜಗಲಿಯಲ್ಲಿ ಸೇರುತ್ತಿದ್ದೆವು. ಲ್ಯಾಟಿನ್ ಬಲಿಪೂಜೆಯಲ್ಲಿ ಹಾಡಿ ಬೆಳೆದಿದ್ದ ಅವರು, 1960ರ ದಶಕದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನಭಾಷೆಗೆ ಬಂದಾಗ ಕನ್ನಡ ಗೀತೆಗಳನ್ನು ಒಂದೊಂದಾಗಿ ಊರಿಗೆ ಕಲಿಸಿದ್ದರಂತೆ. ಜುಲೈ ಮಳೆಗೆ ಹಾರ್ಮೋನಿಯಂನ ಮರ ಉಬ್ಬಿ ಕೀಗಳು ಒತ್ತಿದಲ್ಲೇ ನಿಲ್ಲುತ್ತಿದ್ದವು. ಆಗ ಅದನ್ನು ಒಲೆಯ ಪಕ್ಕಕ್ಕೆ ಎಳೆದು ತಂದು, ಬೆಚ್ಚಗಾಗುವವರೆಗೆ ಬಾಖ್ ಕಥೆ ಹೇಳುತ್ತಿದ್ದರು. ಹುಡುಗ ಬಾಖ್ ಅಣ್ಣನ ಕಪಾಟಿನಿಂದ ಸಂಗೀತದ ಹಾಳೆಗಳನ್ನು ತೆಗೆದು ಬೆಳದಿಂಗಳಲ್ಲಿ ಪ್ರತಿ ಮಾಡಿಕೊಂಡ ಕಥೆ ಕರೆಂಟ್ ಹೋದ ರಾತ್ರಿಗಳಿಗೆ ಮೀಸಲು. 1705ರಲ್ಲಿ ಹೆಸರಾಂತ ವಾದಕ ಬುಕ್ಸ್‌ಟೆಹೂಡೆಯ ಆರ್ಗನ್ ಕೇಳಲು ಆತ ಸುಮಾರು 400 ಕಿಲೋಮೀಟರ್ ನಡೆದು ಹೋದದ್ದನ್ನು ಹೇಳಿ, ವಿರಾಜಪೇಟೆಯಿಂದ ಬೆಂಗಳೂರಿಗೆ ನಡೆದರೂ ಅಷ್ಟು ದೂರವಾಗದೆಂದು ನಮ್ಮ ಮುಖ ನೋಡುತ್ತಿದ್ದರು. 1734ರ ಕ್ರಿಸ್ಮಸ್ಸಿಗಾಗಿ ಬಾಖ್ ಸಿದ್ಧಪಡಿಸಿದ ಓರಾಟೋರಿಯೊ ಎಂಬ ದೀರ್ಘ ಗಾಯನಕೃತಿ ಭೇರಿಯ ಬಡಿತದಿಂದಲೇ ಶುರುವಾಗುತ್ತದೆ. ಸವೆದ ಕ್ಯಾಸೆಟ್ಟಿನಲ್ಲಿ ಅದನ್ನು ಮೊದಲು ಕೇಳಿಸಿದ ದಿನ ನಮ್ಮ ಕಿವಿಗೆ ಅದು ಹುತ್ತರಿಯ ದುಡಿಯಂತೆಯೇ ಕೇಳಿಸಿತ್ತು. ಮೇಷ್ಟ್ರು ಕ್ಯಾಥೊಲಿಕರು, ಬಾಖ್ ಲೂಥರನ್, ಅಂದರೆ ಪ್ರಾಟೆಸ್ಟಂಟ್ ಪಂಥದವರು. ಆ ವ್ಯತ್ಯಾಸ ಅವರ ಬಾಯಲ್ಲಿ ಎಂದೂ ಬರಲಿಲ್ಲ. ಬಾಖ್ ಕೂಡ 1733ರಲ್ಲಿ ಡ್ರೆಸ್ಡೆನ್ನಿನ ಕ್ಯಾಥೊಲಿಕ್ ಅರಸನಿಗೆ ಲ್ಯಾಟಿನ್ ಪೂಜಾಸಂಗೀತವನ್ನು ಅರ್ಪಿಸಿದ್ದರಲ್ಲವೇ. ಗಾಯನ ವೃಂದಕ್ಕೆ ನಾಲ್ಕೇ ಜನ ಬಂದ ದಿನವೂ ಮೇಷ್ಟ್ರು ಪೂರ್ತಿ ತಾಲೀಮು ನಡೆಸುತ್ತಿದ್ದರು, ಹಾಡುವ ಮೊದಲು ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದವು. ನನಗೆ ಇಂದಿಗೂ ಬಾಖ್ ಎಂದರೆ ಅವರ ಮುಖವೇ.

ನಾವಿರುವ ಈ ಅಮೆರಿಕಕ್ಕೂ ಬಾಖ್ ನಂಬಿಕೆಗೂ ಒಂದು ನಂಟಿದೆ. ಅವರ ಸಹಿಯೂ 1733ರ ಇಸವಿಯೂ ಇರುವ ಮೂರು ಸಂಪುಟಗಳ ಬೈಬಲ್ ವ್ಯಾಖ್ಯಾನ 1934ರಲ್ಲಿ ಮಿಷಿಗನ್ನಿನ ಫ್ರಾಂಕನ್‌ಮುತ್‌ನ ರೈತರೊಬ್ಬರ ಮನೆಯಲ್ಲಿ ಬೆಳಕಿಗೆ ಬಂತು. ಈಗ ಅದು ಸೇಂಟ್ ಲೂಯಿಸ್‌ನಲ್ಲಿದೆ. ದೇವಾಲಯದಲ್ಲಿ ಹಾಡುವವರೂ ತುತ್ತೂರಿಯವರೂ ಒಂದೇ ದನಿಯಾದಾಗ ಆ ಆಲಯವನ್ನು ಮೋಡ ತುಂಬಿದ ಬೈಬಲ್ ಪ್ರಸಂಗದ ಪಕ್ಕದಲ್ಲಿ, ಭಕ್ತಿಯಿಂದ ನುಡಿಸುವ ಸಂಗೀತದಲ್ಲಿ ದೇವರು ಕೃಪೆಯೊಡನೆ ಸದಾ ಹಾಜರಿರುತ್ತಾನೆ ಎಂಬ ಅರ್ಥದ ಮಾತನ್ನು ಬಾಖ್ ತಮ್ಮ ಕೈಯಿಂದಲೇ ಬರೆದಿದ್ದಾರೆ. ಯಾರಿಗೂ ತೋರಿಸಲೆಂದು ಬರೆದದ್ದಲ್ಲ ಅದು; ಮಗುವಿನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ. ಸತ್ತ ಮೇಲೆ ಅವರ ದೊಡ್ಡ ಕೃತಿಗಳು ಬಹುಕಾಲ ಮರೆಯಲ್ಲಿದ್ದವು. 1829ರಲ್ಲಿ ಇಪ್ಪತ್ತರ ಹರೆಯದ ಸಂಗೀತಕಾರ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಬಾಖ್ ಅವರ ಮತ್ತಾಯನ ಸುವಾರ್ತೆಯ ಯಾತನಾಗೀತೆಯನ್ನು ಮತ್ತೆ ಹಾಡಿಸಿದ ಮೇಲೆ ಜಗತ್ತು ಅವರತ್ತ ತಿರುಗಿತು.

ಇನ್ನು ಪ್ರಕಟಣೆಗಳು. ಹುತ್ತರಿ–ಕ್ರಿಸ್ಮಸ್ ಸಂಜೆ ಡಿಸೆಂಬರ್ ಮೂರನೆಯ ಶನಿವಾರ, ನಾಲ್ಕು ಗಂಟೆಗೆ. ಕದಿರು ತುಂಬುವುದು ಮೊದಲು, ಕೋಲಾಟ ಆಮೇಲೆ, ಕೊನೆಗೆ ಗಾಯನ. ಊಟಕ್ಕೆ ಕಡಂಬುಟ್ಟು, ತಂಬುಟ್ಟು ಮಾಡಿ ತರುವವರು ಈ ವಾರವೇ ಹೆಸರು ಕೊಡಿ. ವಾರ್ಷಿಕ ಸದಸ್ಯತ್ವ ಶುಲ್ಕ ಬಾಕಿ ಇರುವವರು ಅಂದೇ ಖಜಾಂಚಿಯವರಿಗೆ ಸಲ್ಲಿಸಬಹುದು. ಗಾಯನಕ್ಕೆ ಮಕ್ಕಳೂ ತಾಯಂದಿರೂ ಸಾಕಷ್ಟಿದ್ದಾರೆ, ಗಂಡುದನಿಯ ಎರಡು ಭಾಗಗಳಿಗೆ ಮಾತ್ರ ಜನವಿಲ್ಲ. ಸ್ವರ ಓದಲು ಬಾರದಿದ್ದರೂ ಚಿಂತೆಯಿಲ್ಲ, ಭಾನುವಾರ ಎರಡು ಗಂಟೆಗೆ ಬನ್ನಿ, ಕಲಿಸುತ್ತೇವೆ. ಪುಟ ಜೋಡಿಸುವ ಕೆಲಸವನ್ನು ಒಬ್ಬಳೇ ನಿಭಾಯಿಸುವುದು ಈಗ ನನಗೆ ಕಷ್ಟವಾಗುತ್ತಿದೆ. ಯುಗಾದಿ ಸಂಚಿಕೆಗೆ ಯಾರಾದರೂ ಜೊತೆಯಾಗುವಿರಾದರೆ ಭಾನುವಾರದ ತಾಲೀಮಿಗೆ ಬಂದಾಗಲೇ ನನ್ನನ್ನು ಕಂಡು ಮಾತಾಡಿ.

ಸಂಪಾದಕಿ