ಹೊಸ ಗೀಸರ್‌ಗೆ ಅರ್ಥಿಂಗ್ ಇಲ್ಲ, ಸೇಫ್ಟಿ ವಾಲ್ವ್‌ಗೆ ಬಿರಡೆ: ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಇವರಿಂದ,
ನಿಮ್ಮ ಗ್ರಾಹಕ, ವಿನೋಬನಗರ, ಶಿವಮೊಗ್ಗ

ಮಾನ್ಯರೇ,

ಜುಲೈ ಎರಡನೇ ವಾರದಲ್ಲಿ ನಿಮ್ಮ ಕಂಪನಿಯ 25 ಲೀಟರಿನ ಗೀಸರ್ ಕೊಂಡೆ. ಅದನ್ನು ಗೋಡೆಗೆ ಕೂರಿಸಿ ಹೋದವರು ನೀವೇ ಕಳುಹಿಸಿದ ತಂತ್ರಜ್ಞರು, ನಾನು ಹುಡುಕಿ ಕರೆತಂದ ಪ್ಲಂಬರ್ ಅಲ್ಲ. ಅವರು ಮಾಡಿಹೋದ ಎರಡು ಕೆಲಸಗಳಿಂದ ನನ್ನ ತಾಯಿಯ ಜೀವಕ್ಕೆ ಸಂಚಕಾರ ಬರುವುದಿತ್ತು. ಆ ಬಗ್ಗೆ ಕೊಟ್ಟ ದೂರನ್ನು, ಒಬ್ಬರೂ ಮನೆಗೆ ಬಂದು ನೋಡದೆ, ‘ಪರಿಹರಿಸಲಾಗಿದೆ’ ಎಂಬ ಸಂದೇಶ ಕಳುಹಿಸಿ ಮುಗಿಸಿದ್ದೀರಿ. ಅದಕ್ಕಾಗಿ ಈ ಪತ್ರ.

ನಮ್ಮದು 1986ರಲ್ಲಿ ತಂದೆ ಕಟ್ಟಿಸಿದ ಹೆಂಚಿನ ಮನೆ. ನೀರಿನ ಪೈಪುಗಳೆಲ್ಲ ಆಗಿನ ಜಿ.ಐ. ಪೈಪುಗಳೇ. ಹಳೆಯ ಗೀಸರ್ ಹದಿನೇಳು ವರ್ಷ ದುಡಿಯಿತು. ಎರಡು ಸಲ ಅದರ ಕಾಯಿಲ್ ನಾನೇ ಬದಲಿಸಿದ್ದೆ. ಬಿಚ್ಚಿದಾಗಲೆಲ್ಲ ಕೊಳವೆಬಾವಿ ನೀರಿನ ಸುಣ್ಣ ಅದಕ್ಕೆ ಗಟ್ಟಿಯಾಗಿ ಕಟ್ಟಿರುತ್ತಿತ್ತು. ಈ ಮಳೆಗಾಲದಲ್ಲಿ ಟ್ಯಾಂಕೇ ತುಕ್ಕು ಹಿಡಿದು, ಬಕೆಟ್ಟಿಗೆ ಕೆಂಪು ನೀರು ಬೀಳತೊಡಗಿತು. ಆಮೇಲೆ ಹೊಸದನ್ನು ತರದೆ ದಾರಿಯಿರಲಿಲ್ಲ.

ನಿಮ್ಮ ತಂತ್ರಜ್ಞರು ಬಂದದ್ದು ಮಧ್ಯಾಹ್ನ. ಮನೆಯಲ್ಲಿ ನನ್ನ ಹೆಂಡತಿ ಮತ್ತು ಎಪ್ಪತ್ತೆಂಟು ವರ್ಷದ ಅಮ್ಮ ಇದ್ದರು. ನೀರು ತುಂಬಿ ಕಾಯಿಸಿ ನೋಡುವಾಗ ಸೇಫ್ಟಿ ವಾಲ್ವ್‌ನಿಂದ ಹನಿ ತೊಟ್ಟಿಕ್ಕಿತಂತೆ. ‘ಸೋರುತ್ತಿತ್ತು, ನಿಲ್ಲಿಸಿದ್ದೇನೆ ಅಮ್ಮಾ’ ಎಂದು ಹೇಳಿ, ಕೂಲಿ ಮತ್ತು ಫಿಟಿಂಗ್ ಎಂದು 1,150 ರೂಪಾಯಿ ಪಡೆದು ಹೋದರು. ರಸೀದಿ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದವರು ನಲ್ಲಿ ಮುಟ್ಟಿದೊಡನೆ ಕೈ ಜುಮ್ಮೆಂದಿತೆಂದು ಕೂಗಿಕೊಂಡರು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಮೋಟಾರ್ ವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಕರೆಂಟಿನ ವಿಷಯದಲ್ಲಿ ಊಹೆಯ ಮೇಲೆ ಮಾತಾಡುವವನಲ್ಲ. ಸ್ವಿಚ್ ಬೋರ್ಡ್ ಬಿಚ್ಚಿದರೆ ಒಳಗೆ ಕಂಡದ್ದು ಇದು: ಗೀಸರ್‌ನ ಮೂರು ಪಿನ್ನಿನ ಪ್ಲಗ್ ಕತ್ತರಿಸಿ, ಎರಡೇ ತಂತಿಗಳನ್ನು ನೇರವಾಗಿ ಸೇರಿಸಿದ್ದರು. ಅರ್ಥಿಂಗ್‌ಗೆ ಸೇರಿಸಬೇಕಾದ ಹಸಿರು ತಂತಿಯನ್ನು ಮಡಚಿ, ಟೇಪ್ ಸುತ್ತಿ ಮೂಲೆಗೆ ತಳ್ಳಿದ್ದರು. 2000 ವ್ಯಾಟಿನ ಗೀಸರ್ ಒಂಬತ್ತು ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ಹೊಸ ಕಾಯಿಲ್‌ನಲ್ಲೂ ಅಷ್ಟಿಷ್ಟು ಸೋರಿಕೆ ಇರಬಹುದು. ಅರ್ಥಿಂಗ್ ಇದ್ದರೆ ಅದು ನೆಲ ಸೇರುತ್ತದೆ, ಇಲ್ಲದಿದ್ದರೆ ಒದ್ದೆ ಕೈಯಲ್ಲಿ ನಲ್ಲಿ ಹಿಡಿದವರ ಮೈ ಸೇರುತ್ತದೆ.

ಆಮೇಲೆ ಗೀಸರ್‌ನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಸೇಫ್ಟಿ ವಾಲ್ವ್‌ನ ಸಣ್ಣ ಬಾಯಿಗೆ ಪ್ಲಾಸ್ಟಿಕ್ ಬಿರಡೆ ತುರುಕಿ, ಮೇಲೆ ಎಂ-ಸೀಲ್ ಮೆತ್ತಿದ್ದರು. ಅದರ ಮೇಲೆ ಹೆಬ್ಬೆರಳು ಒತ್ತಿದ ಗುರುತು ಗೆರೆಗೆರೆಯಾಗಿ ಹಾಗೆಯೇ ಉಳಿದಿತ್ತು. ನೋಡಿದವನಿಗೆ ಎದೆ ಧಸಕ್ಕೆಂದಿತು.

ಆ ಹನಿ ದೋಷವಲ್ಲ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು 380 ಮಿಲಿ ಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ಪೈಪಿಗೆ ಹೋಗಲು ಆ ವಾಲ್ವ್ ಬಿಡುವುದಿಲ್ಲ; ಹೆಚ್ಚಾದದ್ದನ್ನು ಆ ಬಾಯಿಯಿಂದಲೇ ಹೊರಹಾಕುತ್ತದೆ. ನೀರು ಕಾದೊಡನೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್, ಅದು ಕೆಟ್ಟರೆ ಕರೆಂಟ್ ಕಡಿಯುವ ಕಟೌಟ್ ಎರಡೂ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ಕಾಯಬೇಕಾದದ್ದೂ ಅದೇ. ಆ ಬಾಯಿಯನ್ನು ಮುಚ್ಚಬಾರದೆಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ಅದನ್ನು ಓದದವರನ್ನು ಮನೆಮನೆಗೆ ಏಕೆ ಕಳುಹಿಸುತ್ತೀರಿ?

ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದೆ. ‘ಹಳೆಯ ಮನೆಗಳ ವೈರಿಂಗ್‌ಗೆ ಕಂಪನಿ ಹೊಣೆಯಲ್ಲ’ ಎಂಬ ಒಂದೇ ಉತ್ತರ. ನಮ್ಮ ಮನೆ ಹಳೆಯದು, ನಿಜ. ಆದರೆ ಅರ್ಥಿಂಗ್ ಗುಂಡಿಗೆ ಪ್ರತಿ ಬೇಸಿಗೆಯಲ್ಲೂ ನಾನು ತಪ್ಪದೆ ನೀರು ಹಾಕುತ್ತೇನೆ. ಫೇಸ್ ಮತ್ತು ಅರ್ಥಿಂಗ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ. ಅದರ ವಿಡಿಯೊ ಲಗತ್ತಿಸಿದ್ದೇನೆ. ಮನೆಯಲ್ಲಿ ಅರ್ಥಿಂಗ್ ಇತ್ತು. ನಿಮ್ಮವರು ಜೋಡಿಸಲಿಲ್ಲ.

ಈಗ ಗೀಸರ್ ಬಂದ್ ಆಗಿದೆ. ಅಟ್ಟದಿಂದ ತಾಮ್ರದ ಹಂಡೆ ಇಳಿಸಿ ಬಚ್ಚಲೊಲೆ ಹೊತ್ತಿಸುತ್ತಿದ್ದೇವೆ. ಆಷಾಢದ ಮಳೆಗೆ ಸೌದೆ ಹಸಿಯಾಗಿ ಹೊಗೆ ಏಳುತ್ತದೆ. ಅಡಿಕೆ ಹಾಳೆ ತುರುಕಿ ಊದುತ್ತಾ ಕೂರಬೇಕು. ಅಮ್ಮನಿಗೆ ದಮ್ಮು. ನಮಗಾಗುತ್ತಿರುವ ಕಷ್ಟ ನಿಮಗೆ ತಿಳಿಯಲಿ ಎಂದೇ ಇದನ್ನು ಬರೆದಿದ್ದೇನೆ.

ನಾನು ಕೇಳುವುದು ಹೆಚ್ಚೇನಲ್ಲ. ತರಬೇತಿ ಪಡೆದವರನ್ನು ಕಳುಹಿಸಿ ಹೊಸ ವಾಲ್ವ್ ಹಾಕಿಸಿ, ಅದರ ಬಾಯಿಂದ ನೆಲದವರೆಗೆ ಟ್ಯೂಬ್ ಇಳಿಸಿ. 16 ಆಂಪಿಯರ್ ಸಾಕೆಟ್ ನಾನು ಹೊಸದು ಹಾಕಿಸಿದ್ದೇನೆ. ನೀವು ಕತ್ತರಿಸಿದ ಪ್ಲಗ್ ಬದಲಿಸಿಕೊಡಿ. ವಾಲ್ವ್ ಮುಚ್ಚಿಯೇ ಕಾಯಿಸಿದ್ದರಿಂದ ಟ್ಯಾಂಕಿಗೆ ಹಾನಿಯಾಗಿದೆಯೇ ಎಂದು ಪರೀಕ್ಷಿಸಿ ಲಿಖಿತವಾಗಿ ಕೊಡಿ, ಇದರಿಂದ ವಾರಂಟಿಗೆ ಬಾಧೆಯಿಲ್ಲ ಎಂಬುದನ್ನೂ ಅದರಲ್ಲೇ ಸೇರಿಸಿ. 1,150 ರೂಪಾಯಿ ಮರಳಿಸಿ. ಇದೇ ತಂತ್ರಜ್ಞರು ಈ ಊರಿನಲ್ಲಿ ಇನ್ನೆಷ್ಟು ಮನೆಗಳ ವಾಲ್ವ್ ಮುಚ್ಚಿದ್ದಾರೋ, ಅವನ್ನೂ ಹೋಗಿ ನೋಡಿಸಿ. ಆ ಮನೆಗಳವರಿಗೆ ಇದು ತಿಳಿದಿರಲಾರದು.

ಹದಿನೈದು ದಿನಗಳಲ್ಲಿ ಇದಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ.

ಬರುವವರು ಸಂಜೆ ಆರರ ಮೇಲೆ ಬರಲಿ, ಆಗ ನಾನು ಮನೆಯಲ್ಲಿರುತ್ತೇನೆ. ವಾಲ್ವ್ ಅನ್ನು ಬಿಚ್ಚಿಲ್ಲ. ಎಂ-ಸೀಲ್ ಸಮೇತ ಹಾಗೆಯೇ ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ವಿನೋಬನಗರ, ಶಿವಮೊಗ್ಗ