ಮಷಿನ್ ಮೇಲೆ ನಿಂತ ಸೂಪರ್‌ವೈಸರ್ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಕ್ಯಾಂಟೀನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅಷ್ಟು ಜನರ ಎದುರು ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ‘ಆಳಿಲ್ಲದೆ ಮಷಿನ್ ಸುಮ್ಮನೆ ನಿಂತಿರುವಾಗ ನಾನು ಒಂದು ಕೈ ಹಾಕಿದರೆ ನಿಮ್ಮ ಗಂಟೇನು ಹೋಗುತ್ತದೆ?’ ಎಂದು ಯೂನಿಯನ್ನಿನವರಾದ ನಮ್ಮನ್ನು ನೀನು ಕೇಳಿದೆ. ಪಕ್ಕದ ಮೇಜಿನಿಂದ ಯಾರೋ ‘ಚಮಚಾ’ ಎಂದರು. ನೀನು ಊಟ ಅರ್ಧಕ್ಕೇ ಬಿಟ್ಟು ಎದ್ದುಹೋದೆ. ಆ ಮಾತು ಆಡಿದವನಿಗೆ ಹೇಳಬೇಕಾದ್ದನ್ನು ಆಮೇಲೆ ಹೇಳಿದ್ದೇನೆ. ಆದರೆ ನಿನ್ನ ಪ್ರಶ್ನೆ ಹಾಗೆಯೇ ಉಳಿಯಿತು. ಅದಕ್ಕೇ ಈ ಪತ್ರ.

ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೂ ಕಾರಣವಿದೆ. ಪೀಣ್ಯದವರನ್ನು ಕೇಳು, ಬೊಮ್ಮಸಂದ್ರದವರನ್ನು ಕೇಳು, ಬಿಡದಿಯವರನ್ನು ಕೇಳು, ‘ನಮ್ಮಲ್ಲೂ ಇದೇ ಗಲಾಟೆ’ ಎನ್ನುತ್ತಾರೆ. ನಿನ್ನ ಹೆಸರಾಗಲಿ ಕಂಪನಿಯ ಹೆಸರಾಗಲಿ ಇಲ್ಲಿ ಬರುವುದಿಲ್ಲ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಿರಲಿ. ನಿನಗೆ ಬಡ್ತಿ ಸಿಕ್ಕಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ಐಟಿಐ ಮುಗಿಸಿ ಒಟ್ಟಿಗೆ ಟ್ರೈನಿಗಳಾಗಿ ಸೇರಿದವರು ನಾವು. ಗ್ರೈಂಡಿಂಗ್ ಮಷಿನಿನ ಸದ್ದು ಕೇಳಿಯೇ ವೀಲ್ ಡ್ರೆಸ್ಸಿಂಗಿಗೆ (ಉಜ್ಜುವ ಚಕ್ರವನ್ನು ಮತ್ತೆ ಹದಗೊಳಿಸುವುದಕ್ಕೆ) ಬಂದಿದೆ ಎಂದು ಹೇಳುವ ಕಿವಿ ನಮ್ಮ ಶಾಪಿನಲ್ಲಿ ಇರುವುದು ನಿನಗೊಬ್ಬನಿಗೆ. ಸೂಪರ್‌ವೈಸರ್ ಆಗಲು ನಿನಗಿಂತ ಯೋಗ್ಯರು ಯಾರಿದ್ದರು? ಸಿಟ್ಟು ನಿನ್ನ ಮೇಲಲ್ಲ. ಆ ಕಿವಿಯನ್ನೂ ಆ ಕೈಯನ್ನೂ ಆಡಳಿತ ಮಂಡಳಿ ಬಳಸಿಕೊಳ್ಳುತ್ತಿರುವ ರೀತಿಯ ಮೇಲೆ.

ಮೊನ್ನೆ ಎರಡನೇ ಪಾಳಿ ಮುಗಿದ ಮೇಲೆ ಆ ದಿನದ ಉತ್ಪಾದನಾ ಹಾಳೆ ನೋಡಿದೆ. ಮಷಿನ್ ನಂಬರು ಇತ್ತು, ಷಾಫ್ಟಿನ ನಂಬರು ಇತ್ತು, ಆದ ಪೀಸುಗಳು 38, ರೀವರ್ಕ್ 1. ಎಲ್ಲವೂ ನಿನ್ನ ಕೈಬರಹ, ಅದೇ ಬಲಕ್ಕೆ ವಾಲಿದ ಅಂಕಿಗಳು. ‘ಆಪರೇಟರ್’ ಎಂಬ ಕಾಲಂನಲ್ಲಿ ಮಾತ್ರ ಒಂದು ಸಣ್ಣ ಅಡ್ಡಗೆರೆ. ಆ ಪಾಳಿಯಿಡೀ ನೀನು ಚಕ್ ಒರೆಸಿ, ಷಾಫ್ಟ್ ಕೂರಿಸಿ, ಮೈಕ್ರೋಮೀಟರ್ ಹಿಡಿದು ಅಳೆದದ್ದನ್ನು ನಾನೇ ನೋಡಿದ್ದೇನೆ. ಕೂಲಂಟ್ ಬಿದ್ದು ನಿನ್ನ ಬಿಳಿ ಅಂಗಿಯ ತೋಳು ಮೊಣಕೈವರೆಗೆ ನೆನೆದಿತ್ತು. ಹಾಳೆಯ ಪ್ರಕಾರ ಆ 38 ಷಾಫ್ಟುಗಳನ್ನು ಯಾರೂ ಮಾಡಿಲ್ಲ.

ನಮ್ಮ ಗಂಟು ಹೋಗುವುದು ಆ ಅಡ್ಡಗೆರೆಯಲ್ಲಿ. ಹೇಗೆ ಎನ್ನುತ್ತೀಯಾ? ಒಂದು ಸಾಲಿನಲ್ಲಿ ಹತ್ತು ಜನ, ತಲಾ 40 ಪೀಸು, ಒಟ್ಟು 400 ಎಂದಿಟ್ಟುಕೋ. ಒಬ್ಬರು ನಿವೃತ್ತರಾದರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಒಂಬತ್ತು ಜನರಿಂದ 360 ಬರಬೇಕು, ಉಳಿದ 40ನ್ನು ನೀನು ಮಾಡಿಕೊಟ್ಟೆ. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕ ಏನು ಹೇಳುತ್ತದೆ? ಆಳು ಒಂಬತ್ತು, ಪೀಸು 400, ತಲಾ 44ಕ್ಕೂ ಹೆಚ್ಚು. ನೀನು ಮಾಡಿದ ಪೀಸುಗಳು ಉತ್ಪಾದನೆಗೆ ಸೇರಿದವು, ನಿನ್ನ ತಲೆ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ನಾಳೆ ವೇತನ ಒಪ್ಪಂದದ ಮಾತುಕತೆಗೆ ಕೂತಾಗ ಅದೇ ಅಂಕಿಯನ್ನು ಮುಂದಿಟ್ಟು, ‘ಈಗಾಗಲೇ 44 ಮಾಡುತ್ತಿದ್ದೀರಲ್ಲ, ಇದನ್ನೇ ನಾರ್ಮ್ (ಕಡ್ಡಾಯ ಗುರಿ) ಮಾಡೋಣ’ ಎನ್ನುತ್ತಾರೆ. ಒಪ್ಪಂದ ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಎದುರು ಆಗಲಿ, ನಾವೂ ಕಂಪನಿಯೂ ನೇರವಾಗಿ ಕೂತು ಆಗಲಿ, ಒಮ್ಮೆ ಸಹಿ ಬಿದ್ದರೆ ಅಷ್ಟೂ ವರ್ಷ ಆ ನಾಲ್ಕು ಪೀಸುಗಳನ್ನು ಹೊರುವವರು ನಾವು. ಆ ಹೊತ್ತಿಗೆ ನಿನ್ನನ್ನು ಬೇರೆ ಶಾಪಿಗೆ ಹಾಕಿರುತ್ತಾರೆ.

ಇನ್ನೂ ಒಂದು ಸಂಗತಿ ಇದೆ. ಒಂದು ವಿಭಾಗದಲ್ಲಿ ಕೆಲಸಗಾರರ ಸಂಖ್ಯೆಯನ್ನು ಕಡಿಮೆ ಮಾಡಬೇಕಾದರೆ ಕಂಪನಿ 21 ದಿನ ಮೊದಲೇ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಹೇಳುತ್ತಿತ್ತು. ನವೆಂಬರ್ 21, 2025ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ನೋಟಿಸ್ ಬಂದರೆ ನಾವು ತಕರಾರು ಎತ್ತಬಹುದು, ಕಾರ್ಮಿಕ ಇಲಾಖೆಯ ಕಚೇರಿಯಾದ ಕಾರ್ಮಿಕ ಭವನದ ಮೆಟ್ಟಿಲು ಹತ್ತಬಹುದು. ಆದರೆ ನಮ್ಮಲ್ಲಿ ನೋಟಿಸ್ ಬೋರ್ಡಿನಲ್ಲಿ ಏನೂ ಬರಲಿಲ್ಲ. ಜಾಗ ಖಾಲಿಯಾಯಿತು, ನೀನು ಬಂದು ನಿಂತೆ, ಖಾಲಿಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಓಟಿಯ (ಓವರ್‌ಟೈಮಿನ) ವಿಷಯ ನಿನಗೇ ಚೆನ್ನಾಗಿ ಗೊತ್ತು. ಮಗಳ ಕಾಲೇಜು ಶುಲ್ಕಕ್ಕೆ, ಚೀಟಿ ಕಂತಿಗೆ ಓಟಿಯನ್ನೇ ನಂಬಿಕೊಂಡವರು ನಮ್ಮ ಸಾಲಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನಾನು ಹೇಳಬೇಕಾಗಿಲ್ಲ. ಹೆಚ್ಚಿನ ಗಂಟೆಗೆ ಎರಡರಷ್ಟು ಕೂಲಿ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ಹಕ್ಕು. ‘ಓಟಿಯ ಮಿತಿ ಮೀರುತ್ತದೆ’ ಎಂಬ ನೆಪವೂ ಈಗ ನಡೆಯುವುದಿಲ್ಲ, ಏಕೆಂದರೆ 2023ರಲ್ಲಿ ಕರ್ನಾಟಕವೇ ಆ ಮಿತಿಯನ್ನು ಮೂರು ತಿಂಗಳಿಗೆ 75 ಗಂಟೆಯಿಂದ 145 ಗಂಟೆಗೆ ಏರಿಸಿತು. (ಆ ತಿದ್ದುಪಡಿ ಬಂದಾಗ ನಾವು ವಿರೋಧಿಸಿದ್ದೆವು, ಈಗಲೂ ವಿರೋಧಿಸುತ್ತೇನೆ. ಆ ಮಾತು ಬೇರೆ.) ನಿನ್ನನ್ನು ಮಷಿನ್ ಮೇಲೆ ನಿಲ್ಲಿಸುವ ಕಾರಣ ಒಂದೇ: ನೀನು ಹನ್ನೆರಡು ಗಂಟೆ ನಿಂತರೂ ಅವರು ಎರಡರಷ್ಟು ಕೊಡಬೇಕಾಗಿಲ್ಲ.

ನನ್ನ ಹೊಟ್ಟೆ ಹೆಚ್ಚು ಉರಿಯುವುದು ಇಲ್ಲಿ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ತಿಂಗಳಿಗೆ 10,000 ರೂಪಾಯಿಗಿಂತ ಹೆಚ್ಚು ಸಂಬಳದ ಮೇಲ್ವಿಚಾರಕ ‘ಕಾರ್ಮಿಕ’ ಅಲ್ಲ ಎಂದಿತ್ತು. ಹೊಸ ಸಂಹಿತೆಯಲ್ಲಿ ಅದು 18,000 ಆಗಿದೆ. ಆ ಗೆರೆಯನ್ನು ನೀನು ಎಂದೋ ದಾಟಿದ್ದೀಯಾ. ನಾಳೆ ನಿನ್ನನ್ನು ಏಕಾಏಕಿ ತೆಗೆದುಹಾಕಿದರೆ ನಿನ್ನ ಪರ ಮಾತಾಡಲು ಯೂನಿಯನ್ ಇಲ್ಲ, ಕಾರ್ಮಿಕ ನ್ಯಾಯಾಲಯಕ್ಕೆ ಹೋದರೆ ‘ಈತ ಸೂಪರ್‌ವೈಸರ್’ ಎಂದು ಕಂಪನಿಯ ವಕೀಲರು ಬಾಗಿಲಲ್ಲೇ ತಡೆಯುತ್ತಾರೆ. ಆದರೆ 1985ರ ಸೀಬಾ ಗೈಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ಬೇರೆ. ಹುದ್ದೆಯ ಹೆಸರು ಮುಖ್ಯವಲ್ಲ, ಮನುಷ್ಯ ಪ್ರಧಾನವಾಗಿ ಮಾಡುವ ಕೆಲಸ ಯಾವುದು ಎಂದು ನೋಡಬೇಕು ಎಂದಿತು. ದಿನವಿಡೀ ಷಾಫ್ಟ್ ಉಜ್ಜುವವನು ಕಾನೂನಿನ ಕಣ್ಣಿಗೆ ಏನಾಗುತ್ತಾನೆ, ನೀನೇ ಯೋಚಿಸು. ಅದನ್ನು ನೀನು ಸಾಬೀತು ಮಾಡಬೇಕಾದ ದಿನ ಬಂದರೆ ಕೈಯಲ್ಲಿರಬೇಕಾದ ದಾಖಲೆಯೇ ಆ ಉತ್ಪಾದನಾ ಹಾಳೆ. ಅದರಲ್ಲಿ ನೀನೇ ಅಡ್ಡಗೆರೆ ಎಳೆದಿದ್ದೀಯಾ.

ನೀನು ಮಷಿನಿಗೆ ಮುಖಮಾಡಿ ನಿಂತಾಗ ನಿನ್ನ ಬೆನ್ನ ಹಿಂದೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕಳೆದ ವಾರ ಪ್ರೆಸ್ ವಿಭಾಗದಲ್ಲಿ ಒಬ್ಬ ಗುತ್ತಿಗೆ ಹುಡುಗ ಎರಡು ಕೈಗಳ ಬಟನ್‌ಗಳಲ್ಲಿ ಒಂದಕ್ಕೆ ಮರದ ಚಕ್ಕೆ ಸಿಗಿಸಿ, ಇನ್ನೊಂದನ್ನು ಮಾತ್ರ ಒತ್ತುತ್ತಿದ್ದ. ಬೇಗ ಆಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಎರಡು ಕೈಗಳೂ ಬಟನ್ ಮೇಲಿದ್ದರೆ ಮಾತ್ರ ಪ್ರೆಸ್ ಇಳಿಯಬೇಕು, ಬೆರಳು ಉಳಿಯುವುದೇ ಆ ಏರ್ಪಾಟಿನಿಂದ. ನಾನು ನೋಡಿ ಚಕ್ಕೆ ಕಿತ್ತು ಬಿಸಾಡಿದೆ. ಅದನ್ನು ನೋಡಬೇಕಾಗಿದ್ದವನು ನೀನು, ನಿನ್ನ ಕಣ್ಣು ತಪ್ಪಿಸಿ ಅಂಥದ್ದೊಂದು ನಡೆಯುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನೀನು ಪೀಸು ಲೆಕ್ಕ ತುಂಬಿಸುತ್ತಿದ್ದೆ. ಹುಡುಗನ ಕೈ ಹೋಗಿದ್ದರೆ ಶೋಕಾಸ್ ನೋಟಿಸ್ ಬರುತ್ತಿದ್ದದ್ದು ಯಾರಿಗೆ? ನಿನಗೇ.

ಹಾಗಾದರೆ ಸೂಪರ್‌ವೈಸರ್ ಮಷಿನ್ ಮುಟ್ಟಲೇಬಾರದೇ ಎಂದು ಕೇಳುತ್ತೀಯಾ. ಹಾಗೆ ಹೇಳುವಷ್ಟು ಮೊಂಡರು ನಾವಲ್ಲ. ಅಮೆರಿಕದ ಅಂಚೆ ಸೇವೆಯಲ್ಲಿ ಇದನ್ನು ರಾಷ್ಟ್ರಮಟ್ಟದ ಒಪ್ಪಂದದಲ್ಲೇ ಬರೆದಿದ್ದಾರೆ, ಒಂದನೇ ವಿಧಿಯ ಆರನೇ ಭಾಗ. ನೂರು ಅಥವಾ ಅದಕ್ಕಿಂತ ಹೆಚ್ಚು ಯೂನಿಯನ್ ವ್ಯಾಪ್ತಿಯ ನೌಕರರಿರುವ ಕಚೇರಿಯಲ್ಲಿ ಮೇಲ್ವಿಚಾರಕ ನೌಕರರ ಕೆಲಸ ಮಾಡುವಂತಿಲ್ಲ. ವಿನಾಯಿತಿಗಳು ಐದು: ತುರ್ತು ಪರಿಸ್ಥಿತಿ, ಕೆಲಸ ಕಲಿಸುವುದು, ಯಂತ್ರ ಸರಿಯಾಗಿ ಓಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳುವುದು, ನೌಕರರ ಸುರಕ್ಷತೆ, ಸಂಸ್ಥೆಯ ಆಸ್ತಿಯ ರಕ್ಷಣೆ. ಸಣ್ಣ ಕಚೇರಿಗಳಲ್ಲಿ ಇನ್ನೂ ಸ್ವಲ್ಪ ಸಡಿಲ, ಹುದ್ದೆಯ ವಿವರಣೆಯಲ್ಲೇ ಆ ಕೆಲಸ ಇದ್ದರೆ ಮಾಡಬಹುದು. ಮೇಲ್ವಿಚಾರಕ ಗೆರೆ ದಾಟಿದನೆಂದು ಕಂಡರೆ ಯೂನಿಯನ್ ದೂರು ಹಾಕುತ್ತದೆ, ಮಧ್ಯಸ್ಥಗಾರರವರೆಗೂ ಒಯ್ಯುತ್ತದೆ. ಟ್ರೈನಿಗೆ ನೀನು ಸೆಟ್ಟಿಂಗ್ ತೋರಿಸಿಕೊಟ್ಟರೆ, ಮೊದಲ ಪೀಸು ಪರೀಕ್ಷಿಸಿದರೆ, ಬೆಂಕಿ ಬಿದ್ದಾಗ ಓಡಿಬಂದು ಮಷಿನ್ ನಿಲ್ಲಿಸಿದರೆ ನಮ್ಮಲ್ಲೂ ಯಾರೂ ತುಟಿ ಬಿಚ್ಚುವುದಿಲ್ಲ.

ಅದೇ ದೇಶದ ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. 1981ರ ಆಗಸ್ಟ್ 3ರಂದು ಸುಮಾರು 13,000 ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದರು. ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ನೌಕರರಿಗೆ ಆ ಹಕ್ಕಿರಲಿಲ್ಲ. ಅಧ್ಯಕ್ಷ ರೇಗನ್ 48 ಗಂಟೆಗಳ ಗಡುವು ಕೊಟ್ಟು, ಹಿಂದಿರುಗದ 11,000ಕ್ಕೂ ಹೆಚ್ಚು ಜನರನ್ನು ವಜಾ ಮಾಡಿದರು. ವಿಮಾನಗಳ ಹಾರಾಟ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ರೇಡಾರ್ ಪರದೆಗಳ ಮುಂದೆ ಸುಮಾರು 3,000 ಮೇಲ್ವಿಚಾರಕರು ಹೋಗಿ ಕುಳಿತರು, ಜೊತೆಗೆ ಮುಷ್ಕರಕ್ಕೆ ಬಾರದ ನಿಯಂತ್ರಕರು ಮತ್ತು ಸೇನೆಯವರು. ಅಕ್ಟೋಬರ್ ಹೊತ್ತಿಗೆ ಆ ಸಂಘದ ಮಾನ್ಯತೆಯೇ ರದ್ದಾಯಿತು. ಮೇಲ್ವಿಚಾರಕರಾಗುವ ಮೊದಲು ಅವರೂ ಅದೇ ಪರದೆಗಳ ಮುಂದೆ ಕುಳಿತು ಕೆಲಸ ಮಾಡಿದ್ದವರು. ನೀನೂ ನಾನೂ ಒಂದೇ ಮಷಿನಿನ ಮೇಲೆ ಕೆಲಸ ಕಲಿತವರು, ಹಾಗಾಗಿ ಇದನ್ನು ಓದಿದಾಗಲೆಲ್ಲ ನಿನ್ನ ಮುಖ ಕಣ್ಣ ಮುಂದೆ ಬರುತ್ತದೆ. ನಾಳೆ ಮಾತುಕತೆ ಮುರಿದು ನಾವು ಗೇಟಿನ ಹೊರಗೆ ಕೂತರೆ, ಒಳಗೆ ಮಷಿನ್ ಓಡಿಸಲು ನಿನ್ನನ್ನೇ ಕರೆಯುತ್ತಾರೆ. ಇವತ್ತಿನ ‘ಒಂದು ಕೈ’ ಅದಕ್ಕೆ ಅಭ್ಯಾಸವಾಗಬಾರದು.

ನಾಳೆಯಿಂದ ಮಷಿನ್ ಮುಟ್ಟುವುದೇ ಇಲ್ಲ ಎಂದು ಮ್ಯಾನೇಜರ್ ಎದುರು ನಿಲ್ಲು ಎಂದು ನಾನು ಕೇಳುತ್ತಿಲ್ಲ. ನಿನ್ನ ಬಡ್ತಿ ಇನ್ನೂ ಖಾಯಂ ಆಗಿಲ್ಲ, ಮನೆ ಸಾಲ ತಲೆಯ ಮೇಲಿದೆ, ಗೊತ್ತು. ನಾನು ಕೇಳುವುದು ಇಷ್ಟೇ. ಮಷಿನ್ ಮೇಲೆ ನಿಂತ ದಿನ ಆಪರೇಟರ್ ಕಾಲಂನಲ್ಲಿ ನಿನ್ನ ಹೆಸರನ್ನೇ ಬರೆ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಏಕೆ ನಿಂತೆ ಎಂಬುದನ್ನೂ ಬರೆ. ‘ಆಪರೇಟರ್ ಇಲ್ಲ’ ಎಂದಿದ್ದರೆ ಹಾಗೆಂದೇ ಬರೆ. ಸುಳ್ಳು ಬರೆಯಲು ನಾನು ಹೇಳುತ್ತಿಲ್ಲ, ನಿಜ ಬರೆದದ್ದಕ್ಕೆ ಚಾರ್ಜ್‌ಶೀಟ್ ಕೊಡುವುದು ಅವರಿಗೂ ಸುಲಭವಲ್ಲ. ಮ್ಯಾನೇಜರ್ ನಿನ್ನನ್ನು ಕರೆದಾಗ, ‘ಸಾರ್, ಮೊದಲನೇ ಪಾಳಿಯವರನ್ನು ಓಟಿಗೆ ಕೇಳಿದ್ದೀರಾ?’ ಎಂದು ಒಮ್ಮೆ ಕೇಳು. ಕೇಳಿಯೂ ಯಾರೂ ಒಪ್ಪದಿದ್ದರೆ ನೀನು ನಿಲ್ಲು, ನಾವು ತಕರಾರು ಮಾಡುವುದಿಲ್ಲ. ಈ ಮಾತನ್ನು ಕಮಿಟಿಯಲ್ಲಿ ಎಲ್ಲರೂ ಒಪ್ಪಿದ್ದಾರೆ.

ಬೇಡಿಕೆ ಪಟ್ಟಿಯ ಕರಡು ಸಿದ್ಧವಾಗುತ್ತಿದೆ. ಸೂಪರ್‌ವೈಸರ್‌ಗಳು ಯಾವಾಗ ಮಷಿನ್ ಮುಟ್ಟಬಹುದು, ಯಾವಾಗ ಮುಟ್ಟಬಾರದು ಎಂಬ ಷರತ್ತನ್ನು ಈ ಸಲ ಸೇರಿಸುತ್ತಿದ್ದೇವೆ. ‘ತುರ್ತು’ ಎಂದರೆ ಯಾವುದು ಎಂಬಲ್ಲಿ ನಮ್ಮಲ್ಲೇ ಜಗ್ಗಾಟವಿದೆ. ಡಿಸ್ಪ್ಯಾಚ್ ತಡವಾಗುವುದನ್ನೆಲ್ಲ ತುರ್ತು ಎಂದುಬಿಟ್ಟರೆ ಷರತ್ತು ಬರೆದೂ ಪ್ರಯೋಜನವಿಲ್ಲ. ಗ್ರೈಂಡಿಂಗ್ ಶಾಪಿನಲ್ಲಿ ನಿಜವಾದ ತುರ್ತು ಯಾವುದು ಎಂದು ನಿನ್ನಷ್ಟು ಬಲ್ಲವರು ಕಮಿಟಿಯಲ್ಲಿ ಯಾರೂ ಇಲ್ಲ. ಯೂನಿಯನ್ ಕಚೇರಿಗೆ ಬರುವುದು ನಿನಗೆ ಕಷ್ಟವಾದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಾ. ಕರಡನ್ನು ತಂದಿಟ್ಟಿರುತ್ತೇನೆ, ಆ ಒಂದು ಸಾಲನ್ನು ಕೂತು ತಿದ್ದಿಕೊಡು.

ನಿನ್ನ ಗೆಳೆಯ